ಒಂದು ಗೇಣು ಕೆಳಗೆ

ಮಾರ್ಚ್ 4, ಬೆಳಿಗ್ಗೆ

ಟ್ಯಾಂಕಿನ ವಾಲ್ವ್ ತೆರೆದು ಮನೆಗೆ ಬಂದೆ. ತೆರೆದೆನೋ ಇಲ್ಲವೋ ಅನುಮಾನ. ವಾಪಸ್ ಹೋಗಿ ನೋಡಿದೆ. ತೆರೆದೇ ಇತ್ತು. ಊರವರು ನನಗೆ ‘ಅಯ್ಯೋ’ ಅಂತ ಹೆಸರಿಟ್ಟಿದ್ದಾರೆ. ಸುಮ್ಮನೆ ಇಟ್ಟಿಲ್ಲ.

ಮೇಲಿನ ಬೀದಿಗೆ ಇವತ್ತೂ ನೀರು ಹತ್ತಲಿಲ್ಲ. ಅಕ್ಕನ ಮನೆ ಅಲ್ಲೇ, ಏರಿನ ತುದಿಗೆ. ಮಂಡಿ ಹಿಡಿದುಕೊಂಡು ಇಳಿದು ಬಂದಳು. ಖಾಲಿ ಕೊಡವನ್ನು ನನ್ನ ಕಾಲ ಬಳಿ ಠಣ್ ಎಂದು ಕುಕ್ಕಿದಳು.

“ಊರಿಗೆಲ್ಲ ನೀರು ಬಿಡೋನು ನನ್ನ ತಮ್ಮ. ಕೈಪಂಪಿನ ಹತ್ರ ಸಾಯೋಳು ನಾನು.”

“ನೋಡ್ತೀನಿ ಅಕ್ಕ.”

“ನೋಡು. ನೋಡೋದ್ರಲ್ಲಿ ನೀನು ಹುಷಾರು.”

ಭಾರ ಎತ್ತಬೇಡಿ ಅಂತ ಅವಳಿಗೆ ಹೇಳಿದ್ದಾರೆ ಡಾಕ್ಟರು. ಹೋದ ವಾರ ಪಂಪಿನ ಕಟ್ಟೆ ಮೇಲೆ ಜಾರಿ ಬಿದ್ದಳು. ಇನ್ನೊಂದು ಸಲ ಬಿದ್ದರೆ... ಬರೆಯುವುದಿಲ್ಲ.

ಮಾರ್ಚ್ 6

ಪೈಪಿನ ಉದ್ದಕ್ಕೂ ನಡೆದೆ. ಲೀಕ್ ಎಲ್ಲೂ ಇಲ್ಲ. ಇದ್ದಿದ್ದರೆ ವಾಸಿ ಇತ್ತು.

ಕೆಳಗಿನ ಬೀದಿಯಲ್ಲಿ ಬಡಗಿಯ ಮನೆ ಮುಂದೆ ಬಡಗಿ ಕಾಣಲಿಲ್ಲ, ತಲೆ ಮಾತ್ರ ಕಂಡಿತು. ಸೊಂಟದುದ್ದ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ತಳದಲ್ಲಿ ನಲ್ಲಿ, ನಲ್ಲಿ ಕೆಳಗೆ ಬಕೆಟ್ಟು.

“ಇದೇನಪ್ಪಾ ಇಷ್ಟು ಆಳ?”

“ಟೈಲರ್ ತೋಡಿದ, ನನ್ನ ನಲ್ಲಿ ನಿಂತೋಯ್ತು. ನಾನು ಅವನಿಗಿಂತ ಒಂದು ಗೇಣು ಕೆಳಗೆ ಹೋದೆ. ಅವನನ್ನ ಕೇಳು.”

ಟೈಲರ್ ಅವನ ಆಚೆ ಮನೆಯವರನ್ನು ತೋರಿಸಿದ. ಅವರು ನಮ್ಮ ಮನೆ ತೋರಿಸಿದರು. ನಮ್ಮದೂ ಇದೆ. ಹೆಂಡತಿ ತೋಡಿಸಿದ್ದು, ಮೇಲೆ ಹಲಗೆ. ಮೊಣಕಾಲುದ್ದವೇ. ಇಡೀ ಬೀದಿಗೆ ನಮ್ಮದೇ ಚಿಕ್ಕದು ಅಂತ ಅವಳಿಗೆ ಬೇಜಾರು.

ಮಾರ್ಚ್ 9

ಪಂಚಾಯ್ತಿ ಎಂಜಿನಿಯರ್ ಬೈಕಿನಲ್ಲಿ ಬಂದಿದ್ದರು. ದೊಡ್ಡ ಮೋಟಾರ್ ಹಾಕಿಸಿ ಅಂದ ಟೈಲರ್.

“ಹಾಕಬಹುದು. ನೀವು ಇನ್ನೂ ಆಳ ತೋಡ್ತೀರಿ. ಬೋರು ಬೇಗ ಬತ್ತುತ್ತೆ. ಆಮೇಲೆ ಮೋಟಾರ್ ಇಟ್ಕೊಂಡು ಏನ್ಮಾಡ್ತೀರಾ?”

ಹೊರಡುವಾಗ ಇನ್ನೊಂದು ಹೇಳಿದರು. ನೀರು ನಿಲ್ಲಿಸಿದಾಗ ಪೈಪು ವಾಪಸ್ ಹೀರುತ್ತದಂತೆ. ಗುಂಡಿಯಲ್ಲಿ ನಿಂತ ಕೊಚ್ಚೆಯನ್ನೇ ಹೀರುತ್ತದೆ. ಮಾರನೇ ದಿನ ಅದೇ ನಮ್ಮ ಬಿಂದಿಗೆಗೆ.

ಮನೆಗೆ ಬಂದು ಇದ್ದ ನೀರೆಲ್ಲ ಚೆಲ್ಲಿದೆ. ಹೆಂಡತಿ ಬಾಯಿಗೆ ಬಂದಂತೆ ಬೈದಳು. ಕುದಿಸು ಅಂದೆ. “ಏನನ್ನ ಕುದಿಸ್ಲಿ, ನಿಮ್ಮ ತಲೇನಾ?”

ಮಾರ್ಚ್ 10, ಸಂಜೆ

ಶಾಲೆಯ ಜಗಲಿಯಲ್ಲಿ ಸಭೆ. ನೀರಿನ ಸಮಿತಿಗೆ ಅಧ್ಯಕ್ಷೆ ನಿವೃತ್ತ ನರ್ಸಮ್ಮ. ಗುಂಡಿ ಮುಚ್ಚಲು ಎಲ್ಲರೂ ಒಪ್ಪಿದರು — ಪಕ್ಕದ ಮನೆಯವರು ಮುಚ್ಚಿದ ಮೇಲೆ.

“ಮೇಲಿನ ಬೀದಿಯವರನ್ನ ನೋಡಿ ಕಲೀರಿ. ಒಂದು ಗುಂಡಿ ಇಲ್ಲ” ಅಂದರು ನರ್ಸಮ್ಮ.

ಅಕ್ಕ ಎದ್ದು ನಿಂತಳು. “ನಮ್ಮಲ್ಲಿ ತೋಡಿದ್ರೆ ಬಂಡೆ ಸಿಗುತ್ತಮ್ಮ. ಅದಕ್ಕೇ ನಾವು ಒಳ್ಳೆಯವರು.”

ನಕ್ಕರು. ನಾನೂ ನಕ್ಕೆ. ಭಾನುವಾರ ಒಂದೇ ಗಳಿಗೆಗೆ ಎಲ್ಲರೂ ಮುಚ್ಚುವುದೆಂದು ತೀರ್ಮಾನ. ಆಗುತ್ತದಾ? ನನಗಂತೂ ನಂಬಿಕೆ ಇಲ್ಲ.

ಮಾರ್ಚ್ 15, ಭಾನುವಾರ

ನಲ್ಲಿಗಳನ್ನೆಲ್ಲ ಎತ್ತರಿಸಿ ಆಗಿತ್ತು. ಮಣ್ಣು ಹಾಕುವುದಷ್ಟೇ ಬಾಕಿ. ಪ್ರತಿ ಮನೆ ಮುಂದೆ ಒಬ್ಬರು, ಕೈಯಲ್ಲಿ ಮಣ್ಣಿನ ಬುಟ್ಟಿ. ನರ್ಸಮ್ಮ “ಹಾಕಿ” ಅಂದರು. ಯಾರೂ ಹಾಕಲಿಲ್ಲ. ಬಡಗಿ ಟೈಲರನ್ನು ನೋಡಿದ. ಟೈಲರ್ ಬಡಗಿಯ ಬುಟ್ಟಿ ನೋಡಿದ. ಬಿಸಿಲು ಏರಿತು.

“ಥೂ, ಕೈ ಬಿದ್ದೋಗ್ತಿದೆ” ಅಂತ ನನ್ನ ಹೆಂಡತಿ ಸುರಿದೇ ಬಿಟ್ಟಳು.

ಆಮೇಲೆ ಒಬ್ಬೊಬ್ಬರಾಗಿ ಸುರಿದರು. ಬೀದಿ ತುಂಬ ಧೂಳು.

ಮಾರ್ಚ್ 16, ಬೆಳಿಗ್ಗೆ

ಅಕ್ಕನ ಮನೆಗೆ ನೀರು ಬಂತು. ಮೊದಲು ಬರೀ ಗಾಳಿ, ಆಮೇಲೆ ಕೆಂಪು, ಆಮೇಲೆ ತಿಳಿ. ಅವಳು ಕೈ ಒಡ್ಡಿಕೊಂಡು ನಿಂತಿದ್ದಳು.

ಏಪ್ರಿಲ್ 2

ಮೇಲಿನ ಬೀದಿಯಿಂದ ಚರಂಡಿ ತುಂಬ ನೀರು ಹರಿದು ಬರುತ್ತಿದೆ. ಟ್ಯಾಂಕು ಹೊತ್ತಿಗೆ ಮುಂಚೆ ಖಾಲಿ. ಕೆಳಗಿನ ಬೀದಿಯ ನಲ್ಲಿಗಳಲ್ಲಿ ನೂಲಿನಂಥ ಎಳೆ. “ನಿನ್ನ ಅಕ್ಕನ ನೀರು ಪೈಪಲ್ಲಿ ಬರ್ತಿಲ್ಲ ಕಣೋ ಅಯ್ಯೋ, ಬೀದೀಲಿ ಬರ್ತಿದೆ” ಅಂದ ಬಡಗಿ. ಅವನ ಗುದ್ದಲಿ ಬಾಗಿಲ ಬಳಿಯೇ ಇತ್ತು.

ಮನೆಗೆ ಬಂದರೆ ನಮ್ಮ ಹಾರೆಯೂ ಬಾಗಿಲ ಬಳಿ. ಹೆಂಡತಿ ಹೇಳಿದಳು: “ನಾಳೆ ಒಂದು ದಿನ ನೋಡ್ತೀನಿ. ಮೊದಲು ಸುರಿದೋಳು ನಾನೇ, ಮೊದಲು ತೋಡೋಳೂ ನಾನೇ.”

ಏಪ್ರಿಲ್ 2, ಮಧ್ಯಾಹ್ನ

ಏರು ಹತ್ತಿ ಹೋದೆ. ಅಕ್ಕನ ಅಂಗಳದಲ್ಲಿ ಕೊಡ, ಬಕೆಟ್ಟು, ಕಡಾಯಿ, ಮಗುವಿನ ಸ್ನಾನದ ಟಬ್ಬು — ಎಲ್ಲ ತುಂಬಿ ತುಳುಕುತ್ತಿದ್ದವು. ನಲ್ಲಿಗೆ ಮುಚ್ಚುವ ತಿರುಪೇ ಇಲ್ಲ, ಬಿಚ್ಚಿಟ್ಟಿದ್ದಾಳೆ. ಅಕ್ಕಪಕ್ಕದ ಮನೆಗಳಲ್ಲೂ ಹಾಗೇ.

“ಯಾಕಕ್ಕಾ?”

“ಮುಚ್ಚಿ, ನಾಳೆ ಬರದೇ ಹೋದ್ರೆ?”

ನನ್ನದೇ ಮಾತು. ನಾನು ಆಡಬೇಕಾದ್ದನ್ನು ಅವಳು ಆಡಿದಳು. ಒಂದೇ ತಾಯಿಯ ಮಕ್ಕಳು, ಏನು ಮಾಡುವುದು.

“ಮುಚ್ಚಿದ್ರೂ ಬರುತ್ತೆ” ಅಂದೆ.

“ನೀನು ಹೇಳ್ತಿದ್ದೀಯಾ? ಬೀಗ ಹಾಕಿ ನಾಲ್ಕು ಸಲ ಎಳೆದು ನೋಡೋನು?”

“ನಾನೇ ಹೇಳ್ತಿದ್ದೀನಿ.”

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಒಳಗೆ ಹೋಗಿ ತಿರುಪು ತಂದು ಸೆರಗಿನಲ್ಲಿ ಒರೆಸಿದಳು. ಹಾಕಲಿಲ್ಲ. ಅದನ್ನೇ ನೋಡುತ್ತ ಕುಳಿತಳು. “ನಾಳೆ ಬರಲಿ. ಒಂದು ಕೊಡ ತುಂಬಲಿ. ಆಮೇಲೆ ಮುಚ್ತೀನಿ. ಅಕ್ಕಪಕ್ಕದೋರ ಕೈಲೂ ಮುಚ್ಚಿಸ್ತೀನಿ.”

ಏಪ್ರಿಲ್ 3, ಬೆಳಿಗ್ಗೆ

ವಾಲ್ವ್ ತೆರೆದೆ. ವಾಪಸ್ ಹೋಗಿ ನೋಡಲಿಲ್ಲ. ಕಾಲು ಎಳೆಯಿತು, ಹೋಗಲಿಲ್ಲ.

ನಮ್ಮ ನಲ್ಲಿಯಲ್ಲಿ ಅದೇ ನೂಲಿನ ಎಳೆ. ಹೆಂಡತಿ ಹಾರೆ ಹಿಡಿದು ನಿಂತಿದ್ದಾಳೆ. ಎದುರಿಗೆ ಬಡಗಿ ನಮ್ಮ ಮನೆಯನ್ನೇ ನೋಡುತ್ತಿದ್ದಾನೆ. ಇವಳು ಒಂದು ಏಟು ಹಾಕಿದರೆ ಸಾಕು, ಸಂಜೆಯೊಳಗೆ ಇಡೀ ಬೀದಿ ಗುಂಡಿ. ಅಕ್ಕ ಮತ್ತೆ ಕೈಪಂಪಿಗೆ.

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕು? ತುಂಬಿರಬೇಕು ಇಷ್ಟು ಹೊತ್ತಿಗೆ. ಅವಳು ಮುಚ್ಚಿರಲಿಕ್ಕಿಲ್ಲ. ನಾನಾಗಿದ್ದರೂ ಮುಚ್ಚುತ್ತಿರಲಿಲ್ಲ.

ಹೆಂಡತಿ ಹಾರೆ ಎತ್ತಿದಳು.

ಎತ್ತಿದವಳು ಬಗ್ಗಿ ನಲ್ಲಿ ನೋಡುತ್ತಿದ್ದಾಳೆ. “ರೀ, ಇಲ್ನೋಡಿ.” ಎಳೆ ದಪ್ಪವಾಗಿದೆ. ಕಿರುಬೆರಳಷ್ಟು... ಈಗ ಹೆಬ್ಬೆರಳಷ್ಟು. ಅಂದರೆ ಮೇಲೆ ಅಕ್ಕ ಮುಚ್ಚಿದಳು.