ಹೂಂಗುಟ್ಟುವವಳ ಅರಿಕೆ

ಬಿಚ್ಚುಮನೆ, ಭೀಮಾ ತೀರ
ಫೆಬ್ರವರಿ ಮೂವತ್ತು, ಬಿಚ್ಚುಶಕೆ ನೂರಾ ಹನ್ನೊಂದು

ಮೊತ್ತಮೊದಲ ಅಣುಬಾಂಬುಗಳನ್ನು ಕಟ್ಟಿದ ಫಿಟ್ಟರು, ಟರ್ನರು, ನಕ್ಷೆಗಾರರ ಸನ್ನಿಧಾನಕ್ಕೂ, ಅವರ ನಂತರ ಹುಟ್ಟಿ ಆ ಕೆಲಸವನ್ನು ನಿಲ್ಲಿಸದೆ ನಡೆಸಿಕೊಂಡು ಬಂದಿರುವ ತಮ್ಮೆಲ್ಲರ ಸನ್ನಿಧಾನಕ್ಕೂ, ಹತ್ತೊಂಬತ್ತು ವರ್ಷದ ನಿಂಬೆವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮದ ಸಂಗತಿಯನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿರುವುದರಿಂದ ಕೇಳುವುದಿಲ್ಲ.

ತಾರೀಖು ನೋಡಿ ಗಾಬರಿಯಾಗಬೇಡಿ. ತಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಅರವತ್ತರ ಆಸುಪಾಸು. ಮೊದಲ ಬಾಂಬನ್ನು ಬಿಚ್ಚಿದ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ಫೆಬ್ರವರಿಗೆ ಮೂವತ್ತು ದಿನ ಮಾಡಿಕೊಂಡದ್ದು ರಜೆ ಹೆಚ್ಚು ಸಿಗಲೆಂದು. ನನ್ನ ಕೆಲವು ಶಬ್ದಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ತಮ್ಮವೂ ಕೆಲವು ನಮಗೆ ಇನ್ನೂ ತಿಳಿದಿಲ್ಲ. ಊರನ್ನೇ ಸುಡುವ ವಸ್ತುವನ್ನು ಇಟ್ಟ ಕೋಣೆಗೆ ರಕ್ಷಣಾ ಉಗ್ರಾಣ ಎಂದು ಹೆಸರಿಟ್ಟವರು ಯಾರೋ, ಅವರು ನನಗಿಂತ ದೊಡ್ಡ ತಮಾಷೆಗಾರರು.

ಬಿಚ್ಚುಮನೆ ಎಂದರೆ ಹಳೆಯ ಬಾಂಬುಗಳನ್ನು ಬಿಚ್ಚುವ ಮನೆ. ಬೆಳಿಗ್ಗೆ ರೊಟ್ಟಿ, ಹಿಂಡಿಪಲ್ಲೆ ತಿಂದು, ಕಿಡಿ ಹಾರದಿರಲೆಂದು ಬಳೆ, ಉಂಗುರ, ಉಡದಾರಗಳನ್ನೆಲ್ಲ ಬಾಗಿಲ ಗೂಟಕ್ಕೆ ತೂಗಿಹಾಕಿ, ಒದ್ದೆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಒಳಗೆ ಹೋಗುತ್ತೇವೆ. ಈ ಕೆಲಸಕ್ಕೆ ಯಂತ್ರಗಳಿಲ್ಲವೇ ಎಂದು ತಾವು ಕೇಳಬಹುದು. ಇವೆ. ಆದರೆ ಯಂತ್ರ ನಕ್ಷೆಯನ್ನು ನಂಬುತ್ತದೆ, ಮತ್ತು ಮೊದಮೊದಲ ಬಾಂಬುಗಳು ಕಾರ್ಖಾನೆಯ ಸರಕಲ್ಲ, ಕೈಕೆಲಸ. ಮರುಭೂಮಿಯಲ್ಲಿ ನಡೆದ ಆ ಮೊದಲ ಪರೀಕ್ಷೆಗೆ ಮುನ್ನ ಒಳಗಿನ ತುಂಡು ಬಿಸಿಗೆ ಹಿಗ್ಗಿ ಕೂರದೆ ಹೋಯಿತು. ಮಹಾವಿದ್ವಾಂಸರೆಲ್ಲ ಅದರ ಸಿಟ್ಟು ಇಳಿಯಲೆಂದು ಸುಮ್ಮನೆ ಕಾದು ನಿಂತರು. ಸಿಡಿಮದ್ದಿನ ತುಂಡುಗಳ ನಡುವೆ ಸಂದು ಉಳಿದಲ್ಲಿ ತೆಳುಕಾಗದ, ಅಂಟುಪಟ್ಟಿ ಇಟ್ಟು ತುಂಬಿದರು. ಅಲುಗಾಡುವ ಮಂಚದ ಕಾಲಿಗೆ ನಮ್ಮ ಅಜ್ಜಿ ರಟ್ಟು ಮಡಚಿ ಇಡುತ್ತಿದ್ದಳಲ್ಲ, ಅದೇ ವಿದ್ಯೆ. ಅಜ್ಜಿಯ ರಟ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಆದ್ದರಿಂದ ಒಂದು ಬಾಂಬಿಗೆ ಮೂವರು. ಓದುವವರು ನಕ್ಷೆಯನ್ನು ಸಾಲುಸಾಲಾಗಿ ಓದುತ್ತಾರೆ. ಮುಟ್ಟುವವರು ಆ ಸಾಲು ಹೇಳಿದ ಜಾಗದ ಮೇಲೆ ಕೈ ಇಡುತ್ತಾರೆ. ಹೂಂಗುಟ್ಟುವವರು ನಕ್ಷೆಯೂ ವಸ್ತುವೂ ಒಂದೇ ಎಂದು ಕಣ್ಣಾರೆ ನೋಡಿ "ಹೂಂ" ಎನ್ನುತ್ತಾರೆ. ಕತೆ ಕೇಳುವ ಮಕ್ಕಳು ಹೂಂ ಅನ್ನದಿದ್ದರೆ ಅಜ್ಜಿ ಕತೆ ನಿಲ್ಲಿಸುವಂತೆ, ನಮ್ಮಲ್ಲಿ ಕೈ ನಿಲ್ಲುತ್ತದೆ. ಈ ಘನ ಹುದ್ದೆ ನನ್ನದು. ಇದಕ್ಕೆ ನಾನು ತಂದ ಗೌರವವೂ ಅಷ್ಟಿಷ್ಟಲ್ಲ. ಒಮ್ಮೆ ಊಟಕ್ಕೆ ಹೋಳಿಗೆ ಮಾಡಿಸುವವರೆಗೂ ಹೂಂ ಅನ್ನಲಿಲ್ಲ. ಇನ್ನೊಮ್ಮೆ ಬಾಂಬಿನ ಖಾಲಿ ಚಿಪ್ಪೊಂದರೊಳಗೆ ಚೀಟಿ ಇಟ್ಟೆ: "ಪೂರ್ವಜರ ಅಪ್ಪಣೆ: ಇದನ್ನು ಬಿಚ್ಚುವವರಿಗೆ ಎರಡು ದಿನ ರಜೆ." ಕುಚೇಷ್ಟೆ ಮಾಡಿದ ಕೂಡಲೇ ಹೊಳೆಯ ಕಡೆ ಓಡುವುದು ನನ್ನ ಶಾಸ್ತ್ರ.

ಹೋದ ವಾರ ಮೇಜಿಗೆ ಬಂದದ್ದು ನಮ್ಮ ಪಾಲಿನ ಕೊನೆಯ ಬಾಂಬು. ಊರು ಸುಡುವ ಒಳಗಿನ ಗುಂಡನ್ನು ಯಾರೋ ಎಂದೋ ತೆಗೆದಿದ್ದರು. ಸುತ್ತಲಿನ ಸಿಡಿಮದ್ದು ಹಾಗೇ ಇತ್ತು. ಹಳೆಯ ಸಿಡಿಮದ್ದು ಮುದುಕರಂತೆ, ಯಾವ ಮಾತಿಗೆ ಸಿಡುಕೀತು ಹೇಳಲಾಗದು. ಓದಲು ನಮ್ಮ ಹಿರಿಯ ಈರಭದ್ರ ಕಾಕಾ, ಮುಟ್ಟಲು ಮೌಲಾಬಿ ಚಿಗವ್ವ. ಮುಚ್ಚಳವನ್ನು ನೇರವಾಗಿ ಮೇಲಕ್ಕೆತ್ತುವ ಸಾಲನ್ನು ಕಾಕಾ ಓದಿದರು, ಚಿಗವ್ವ ಎರಡೂ ಕೈ ಇಟ್ಟಳು. ನಾನು ನಿಂತ ಮಗ್ಗುಲಿನಿಂದ ಮಾತ್ರ ಕಾಣುವಂತೆ, ಸಂದಿನಲ್ಲಿ ಮಡಚಿದ ಕಾಗದದ ಅಂಚು. ಅದು ನಕ್ಷೆಯಲ್ಲಿರಲಿಲ್ಲ. ಸಿಡಿಮದ್ದಿನ ಒಂದು ತುಂಡು ಅದರ ಮೇಲೇ ಒರಗಿತ್ತು. ಮುಚ್ಚಳ ಎತ್ತಿದರೆ ಅದು ಜಾರಿ ಬೀಳುತ್ತಿತ್ತು, ಚಿಗವ್ವನ ಕೈಯ ಕೆಳಗೇ.

ನಾನು ಹೂಂ ಅನ್ನಲಿಲ್ಲ. ಒಳಗೆ ಕಾಗದ ಇದೆ ಎಂದೆ. ಕಾಕಾ ನಕ್ಷೆಯಿಂದ ತಲೆ ಎತ್ತಲೂ ಇಲ್ಲ.

"ಈ ಸರ್ತಿ ಎಷ್ಟು ದಿನದ ರಜಾ ಬರದೀ?"

"ಆವಾಗಿಂದು ನಂದ ಕಾಕಾ. ಇದು ನಂದಲ್ಲ."

ಕೊನೆಯ ಬಾಂಬಿನ ಮುಂದೆಯೂ ಹುಡುಗಾಟ ಬಿಡದವಳಿಗೆ ಈ ಮನೆಯಲ್ಲಿ ಜಾಗವಿಲ್ಲ, ಬೇರೆಯವರು ಬಂದು ಹೂಂ ಅನ್ನಲಿ, ನೀನು ಗೂಟದಿಂದ ಬಳೆ ತಗೊಂಡು ನಡಿ ಎಂದರು. ಕೈ ಜೋಮು ಹಿಡಿಯುತ್ತಿದೆ ಎಂದು ಚಿಗವ್ವ ಗೊಣಗಿದಳು. ನಾನು ಮೇಜನ್ನು ಬಳಸಿ ಹೋಗಿ ಅವಳ ಭುಜಕ್ಕೆ ಭುಜ ತಾಗಿಸಿ ನಿಂತೆ.

"ಯಾರನ್ನರ ಕರೀರಿ ಕಾಕಾ. ನಾ ಚಿಗವ್ವನ ಮಗ್ಗಲದಾಗಿಂದ ಸರಿಯಂಗಿಲ್ಲ."

ಕಾಕಾ ಆಗ ನನ್ನ ಕಾಲುಗಳನ್ನು ನೋಡಿದರು. ಹೊಳೆಯ ಕಡೆ ಓಡಬೇಕಾಗಿದ್ದ ಕಾಲುಗಳು ಕಲ್ಲುಹಾಸಿನ ಮೇಲೆ ಅಲುಗದೆ ನಿಂತಿದ್ದವು. ಅವರು ದೀಪ ತೆಗೆದುಕೊಂಡು ಬಂದು, ಮೊಣಕಾಲು ಲಟಲಟ ಅನ್ನಿಸುತ್ತ ನಾನು ಮೊದಲು ನಿಂತಿದ್ದ ಕಡೆ ಕುಕ್ಕುರು ಕೂತರು. ಬಹಳ ಹೊತ್ತು ನೋಡಿದರು.

"ಮೌಲಾಬಿ, ಕೈ ಹಂಗ ಇರ್ಲಿ," ಎಂದರು.

ಮೆತ್ತನೆಯ ಮರದ ಬೆಣೆಗಳನ್ನು ಒಂದೊಂದಾಗಿ ಕೊಟ್ಟು, ಆ ತುಂಡನ್ನು ಕೆಳಗಿಳಿಸುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿಹೋಗಿತ್ತು. ಚಿಗವ್ವ ನೀರು ಕುಡಿಯಲು ತಂಬಿಗೆ ಎತ್ತಲಾರದೆ ನನ್ನಿಂದ ಕುಡಿಸಿಕೊಂಡಳು. ಕಾಗದ ಬಿಡಿಸಿದರೆ ತಮ್ಮ ಕಾಲದ ಭಾಷೆಯಲ್ಲಿ ಪೆನ್ಸಿಲಿನಿಂದ ಒಂದೇ ಮಾತು. ಕಾಕಾ ಓದಿ ಅರ್ಥ ಹೇಳಿದರು: "ಸದ್ಯಕ್ಕೆ."

ಮುನ್ನೂರು ವರ್ಷ ನಡೆದ ತಮ್ಮ ಆ "ಸದ್ಯಕ್ಕೆ" ಈಗ ನಮ್ಮ ಬಾಗಿಲ ಗೂಟದಲ್ಲಿ, ನನ್ನ ಬಳೆಗಳ ಪಕ್ಕ ತೂಗುತ್ತಿದೆ. ಅದನ್ನು ಅಲ್ಲಿ ಸಿಕ್ಕಿಸುತ್ತ ಕಾಕಾ ಹೇಳಿದ ಮಾತು ಬಿಟ್ಟರೆ ಈ ಪತ್ರಕ್ಕೆ ಬೇರೆ ಕಾರಣವಿಲ್ಲ.

"ಈ ಕಾಗದ ತುರುಕಿದವ ಒಬ್ಬನ ಅಲ್ಲ ನಿಂಬಿ. ಮಗ್ಗಲದಾಗ ನಿಂತು ಹೂಂ ಅಂದವ ಒಬ್ಬ ಇದ್ದ."

ಪೂಜ್ಯರೇ, ಬಾಂಬು ಕಟ್ಟಬೇಡಿ ಎಂದರೆ ತಾವು ಕೇಳುವವರಲ್ಲ. ಅದೂ ಚರಿತ್ರೆ ಪುಸ್ತಕದಲ್ಲಿದೆ. ಆದರೆ ತಮ್ಮಲ್ಲಿ ಕಟ್ಟುವವರು ಕೆಲವರು, ಮಗ್ಗುಲಲ್ಲಿ ನಿಂತವರು ಲಕ್ಷಾಂತರ. ಹೊಸದೊಂದು ನಕ್ಷೆಯನ್ನು ಯಾರಾದರೂ ತಮ್ಮೆದುರು ಗಂಭೀರವಾಗಿ ಓದತೊಡಗಿದರೆ, ಕೊನೆಯ ಸಾಲಿಗೆ ಬಂದು ತಮ್ಮ ಮುಖ ನೋಡುತ್ತಾರೆ. ಹುಡುಗಾಟ ಅಂದುಕೊಳ್ಳಲಿ, ಬಳೆ ತಗೊಂಡು ನಡಿ ಎನ್ನಲಿ. ಅಲ್ಲಿಂದ ಓಡಬೇಡಿ. ಹೂಂ ಅನ್ನಬೇಡಿ.

ಇತಿ, ತಮ್ಮದೇ ವಂಶದ
ನಿಂಬೆವ್ವ