ಡಾಕ್ಟರಿಗೆ ಹೇಳದ ಅರವತ್ತು ಕುರಿ

ನನ್ನವ್ವಾ,

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನ ಬಲಪಕ್ಕೆಯ ಕೆಳಗೆ ಒತ್ತಿ ನೋಡಿದ್ದು ನೆನಪಿದೆಯಾ? ನಿನಗೆ ಎಂಟು ದಿನದಿಂದ ಜ್ವರ. ಸ್ಕ್ಯಾನಿನಲ್ಲಿ ಲಿವರಿನೊಳಗೆ ದೊಡ್ಡ ಗುಳ್ಳೆ ಕಂಡಿತ್ತು. ಕೀವಿರಬಹುದು ಎಂದವರು, ಮತ್ತೆ ಕೇಳಿದರು: "ಮನ್ಯಾಗ ಕುರಿ, ನಾಯಿ ಏನರೆ ಸಾಕೀರೇನ್ರಿ?"

ನೀನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇಲ್ರಿ ಸರ್. ಒಕ್ಕಲುತನ ಅಷ್ಟ." ಭಾಲ್ಕಿಯ ಶಾಲೆಗೆ ಟೀಚರಾಗಿ ಸೇರಿ ಎರಡು ತಿಂಗಳಾಗಿತ್ತು. ಜೊತೆಗೆ ಬಂದಿದ್ದ ನಮ್ಮ ಹೆಡ್ ಮೇಡಂ ಪಕ್ಕದಲ್ಲೇ ನಿಂತಿದ್ದರು. ಕುರಿ ಕಾಯುವವರ ಮಗಳೆಂದು ಅವರಿಗೆ ಗೊತ್ತಾಗಬಾರದಿತ್ತು, ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಹೊರಗೆ ಬಂದಾಗ ನೀನು ನಗುತ್ತಿದ್ದೆ. "ಅರವತ್ತು ಕುರಿ ಒಂದ ಮಾತಿನಾಗ ಮಾಯ ಮಾಡಿದ್ಯಲ್ಲ ಬೇ! ನಿಮ್ಮಪ್ಪಗ ಏನಂತ ಹೇಳ್ಲಿ?"

"ಸುಮ್ನಿರು ಯವ್ವಾ, ಮೇಡಂ ಕೇಳ್ತಾರ."

"ಕೇಳ್ಲಿ ಬಿಡು. ಅವುಗಳ ಹಾಲ ಕುಡದ ಬೆಳದಾಕಿ ನೀ."

ಮರುದಿನ ಬೆಳಿಗ್ಗೆ ಕೀವು ತೆಗೆಯಲು ಗುಳ್ಳೆಗೆ ಸೂಜಿ ಹಾಕಿದರು. ಬಂದದ್ದು ಕೀವಲ್ಲ, ತಿಳಿನೀರು. ನಿನ್ನ ಮೈಯೆಲ್ಲ ದದ್ದು ಎದ್ದಿತು, ಬಿ.ಪಿ. ಕುಸಿಯಿತು. ಅರ್ಧ ಗಂಟೆ ಹೋರಾಡಿದರು, ನೀನು ಉಳಿಯಲಿಲ್ಲ. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಕುರಿಯ ಲಿವರ್ ತಿಂದ ನಾಯಿಯಿಂದ, ನಮ್ಮ ದೊಡ್ಡಿ ಕಾಯುವಂಥ ನಾಯಿಯಿಂದ, ಮನುಷ್ಯರಿಗೆ ಬರುವ ಹುಳದ ಗುಳ್ಳೆ ಅದು. ಅದರ ನೀರು ಒಳಗೆ ಸೋರಿದರೆ ಮೈ ತಡೆಯುವುದಿಲ್ಲ. ಗೊತ್ತಿದ್ದರೆ ಹಾಗೆ ಸೂಜಿ ಚುಚ್ಚುತ್ತಿರಲಿಲ್ಲ. ಮೊದಲು ಮಾತ್ರೆ ಕೊಟ್ಟು, ನಂತರ ಹೊಟ್ಟೆ ತೆರೆದು ತೆಗೆಯುತ್ತಿದ್ದರಂತೆ. "ನಾ ಕೇಳಿದ್ನಲ್ರಿ," ಎಂದರು.

ಔರಾದಿನ ಹತ್ತಿರದ ನಮ್ಮೂರಿಗೆ ನಿನ್ನನ್ನು ತಂದ ದಿನ ಅಪ್ಪ ಎಲ್ಲರೆದುರು ಹೇಳಿದ: "ಆ ಡಾಕ್ಟರ್ ಕೊಂದ." ಎರಡು ವರ್ಷ ಹೇಳುತ್ತಲೇ ಇದ್ದ. ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಹೋದ ತಿಂಗಳು ತಮ್ಮ ಶಿವುಗೂ ಅದೇ ಜಾಗದಲ್ಲಿ ನೋವು, ಅದೇ ಗುಳ್ಳೆ. ಬೇಗ ಆಪರೇಷನ್ ಆಗಬೇಕು ಎಂದರು ಅದೇ ಡಾಕ್ಟರು. "ಹೆಂಡ್ತೀನ ಕೊಟ್ಟೀನಿ. ಈಗ ಮಗನ್ನೂ ಅವ್ನ ಕೈಯಾಗ ಕೊಡ್ಲೇನು?" ಎಂದ ಅಪ್ಪ. ಅಪ್ಪ ಹೂಂ ಅನ್ನದೆ ಶಿವು ಹೆಜ್ಜೆ ಎತ್ತುವವನಲ್ಲ, ನಿನಗೆ ಗೊತ್ತಲ್ಲ. ಗುಳ್ಳೆ ತಾನಾಗಿ ಒಡೆದರೆ?

ದೊಡ್ಡಿಯ ಮುಂದೆ ನಿಂತು ಹೇಳಿಬಿಟ್ಟೆ. "ಅಪ್ಪಾ, ಡಾಕ್ಟರ್ ಕೇಳಿದ್ರು. ಕುರಿ ಇಲ್ಲಂತ ನಾನೇ ಸುಳ್ಳ ಹೇಳ್ದೆ."

"ಯಾಕ?"

"ನಾಚಿಕಿ ಆತು."

ಅಪ್ಪ ದೊಡ್ಡಿಯ ಅಗಳಿ ಹಾಕಿದ. ನಂತರ, "ಶಿವು, ನಡಿ. ಬೀದರಕ್ಕ ಬಸ್ ಅದ," ಎಂದ.

ಆಪರೇಷನ್ ಆಯಿತು ಅವ್ವ. ಸುತ್ತಲೂ ಔಷಧದಲ್ಲಿ ನೆನೆಸಿದ ಬಟ್ಟೆ ಒತ್ತಿ, ಒಂದು ಹನಿಯೂ ಒಳಗೆ ಚೆಲ್ಲದಂತೆ ತೆಗೆದರಂತೆ. ಇವತ್ತು ಶಿವು ಗಂಜಿ ಕುಡಿದ. ಅಪ್ಪ ಅವನ ಮಂಚದ ಆ ಬದಿ ಕೂರುತ್ತಾನೆ, ನಾನು ಈ ಬದಿ. ಅಪ್ಪನಿಗೆ ಏನಾದರೂ ಬೇಕಾದರೆ ಶಿವುಗೆ ಹೇಳುತ್ತಾನೆ. ಶಿವು ನನಗೆ ಹೇಳುತ್ತಾನೆ.