ಅಕ್ಕನ ದೀರ್ಘದಂಡ ನಮಸ್ಕಾರ

ತುಮಕೂರು, ೧೯೮೩

ಮಹಾಮಾತೆ ಕಮಲಾಕ್ಷಮ್ಮನವರ ದಿವ್ಯ ಸನ್ನಿಧಾನಕ್ಕೆ ಕಪಿಕುಲತಿಲಕ ಯೋಗನರಸಿಂಹನ ವಿಜ್ಞಾಪನೆ: ಅಮ್ಮಾ, ನೀನು ತೀರಿಹೋಗಿ ಎರಡು ವರ್ಷಕ್ಕೆ ಅಜ್ಜಿಯಾದೆ!

ಇವತ್ತು ಬೆಳಿಗ್ಗೆ ಹಾಗಲವಾಡಿಯಲ್ಲಿ ಕೌಸಲ್ಯಕ್ಕನಿಗೆ ನೀರು ಒಡೆಯಿತು. ಮಗು ಅಡ್ಡ ಮಲಗಿತ್ತು. ಮಗುವಿಗಿಂತ ಮೊದಲೇ ಹೊಕ್ಕುಳಬಳ್ಳಿ ಹೊರಗೆ ಜಾರಿತು.

"ಎಬ್ಬಿಸಿ ಓಡಾಡ್ಸ್ರೇ, ಬೇಗ ಆಗುತ್ತೆ" ಅಂದರು ಅಲಮೇಲತ್ತೆ.

ನರ್ಸ್ ಗಂಗಾಂಬಿಕೆ ಗದರಿದರು: "ಓಡಾಡಿದ್ರೆ ಬಳ್ಳಿ ಅಮುಕಿ ಮಗು ಉಸಿರೇ ನಿಲ್ಲುತ್ತೆ! ಮಂಡಿ ಊರಮ್ಮ, ಸೊಂಟ ಮೇಲೆ, ತಲೆ ಕೆಳಗೆ."

ವ್ಯಾನಿನಲ್ಲಿ ತುಮಕೂರಿನವರೆಗೂ ಅದೇ ಭಂಗಿ. ನರ್ಸ್ ಒಳಗೆ ಕೈಯಿಟ್ಟು ಮಗುವನ್ನು ಮೇಲಕ್ಕೆ ಒತ್ತಿ ಹಿಡಿದೇ ಇದ್ದರು.

"ಯಾವ ದೇವರಿಗಕ್ಕಾ ಇಷ್ಟುದ್ದ ನಮಸ್ಕಾರ?" ಅಂದೆ.

"ನಗಿಸ್ಬೇಡ ಕಣೋ, ಕೋತಿ!"

ಆಪರೇಷನ್ ಆಯಿತು. ನೀಲಿಗಟ್ಟಿದ್ದ ಮಗು ಮೂರು ನಿಮಿಷ ಸುಮ್ಮನಿತ್ತು. ಆಮೇಲೆ ಅತ್ತಿತು ನೋಡು, ಆಸ್ಪತ್ರೆಯೇ ಅದುರಿತು!

ನನಗಿಂತ ಮುಂಚಿನ ನಿನ್ನ ಮಗುವಿಗೂ ಬಳ್ಳಿಯೇ ಮೊದಲು ಬಂದಿತ್ತಂತೆ; ನಿನ್ನನ್ನು ಓಡಾಡಿಸಿದ್ದರಂತೆ, ಮಗು ಉಳಿಯಲಿಲ್ಲವಂತೆ. ಅತ್ತೆ ಇವತ್ತು ಅಳುತ್ತಾ ಹೇಳಿದರು. ಅದಕ್ಕೇ ವರ್ಷಕ್ಕೊಂದು ದಿನ ನೀನು ಮಾತೇ ಆಡುತ್ತಿರಲಿಲ್ಲ. "ನಮ್ಮನೆ ರೇಡಿಯೋ ಕೆಟ್ಟಿದೆ" ಎಂದು ನಾನು ಬೀದಿಗೆಲ್ಲ ಡಂಗುರ ಸಾರುತ್ತಿದ್ದೆ.

ಆ ಮೂರು ನಿಮಿಷ ನಾನೂ ಮಾತಾಡಲಿಲ್ಲ ಕಣಮ್ಮ.